ಸೌಟಿಗೆ ಬಿದ್ದ ಮುದ್ರೆ

ನನ್ನ ಬಳಿ ಒಂದು ಬಿಳಿ ಸೀರೆ ಇದೆ. ಅದರ ಸೆರಗಿನಿಂದ ಮೊಣಕಾಲಿನವರೆಗೆ ನೀಲಿ ನೀರು ಚೆಲ್ಲಿದ ಕಲೆ. ಸೀಗೆ, ಹುಣಸೆ, ಒಗೆಯುವ ಸೋಡಾ, ಯಾರು ಏನು ಹೇಳಿದರೋ ಅದನ್ನೆಲ್ಲ ಹಾಕಿ ತಿಕ್ಕಿದ್ದೇನೆ. ಸೀರೆ ಸವೆಯಿತು, ಕಲೆ ಸವೆಯಲಿಲ್ಲ. ಅದನ್ನು ನನ್ನ ಮೇಲೆ ಎರಚಿದವಳು ಸಂಕವ್ವ. ಮತ ಹಾಕುವುದನ್ನು ಅವಳಿಗೆ ಕಲಿಸಿದವಳು ನಾನೇ.

ಆಗ ನಮ್ಮ ಊರಿನಲ್ಲಿ ಮತದಾರರ ತಿಳಿವಳಿಕೆ ಸಂಘ ಎಂಬುದೊಂದಿತ್ತು. ಸಂಬಳವಿಲ್ಲದ ಕೆಲಸ, ಆರೇಳು ಜನ. ಮುಂದಾಳು ಏಕನಾಥ ಮಾಸ್ತರರು, ನಿವೃತ್ತ ಚಿತ್ರಕಲಾ ಶಿಕ್ಷಕರು. ಅವರ ನಿಯಮ ಒಂದೇ: ಯಾರ ಪರವಾಗಿಯೂ ಮಾತಿಲ್ಲ, ಯಾರ ವಿರುದ್ಧವೂ ಮಾತಿಲ್ಲ. ನಮ್ಮ ಮತ ಯಾರಿಗೆಂದು ಮನೆಯವರಿಗೂ ಹೇಳುವಂತಿರಲಿಲ್ಲ. ಚುನಾವಣೆ ಬಂತೆಂದರೆ ಅವರು ಚಹಾದ ಅಂಗಡಿಯನ್ನು ಕೂಡ ದಿನಕ್ಕೊಂದರಂತೆ ಬದಲಿಸುತ್ತಿದ್ದರು. ಅಂಗಡಿಯವನಿಗೂ ಒಂದು ಪಕ್ಷ ಇರುತ್ತದಲ್ಲ.

ನನ್ನ ಪಾಲಿಗೆ ಬಂದದ್ದು ಬಣ್ಣಗಾರರ ಓಣಿ. ನೂಲಿಗೆ, ಬಟ್ಟೆಗೆ ನೀಲಿ ಹಾಕುವ ಜನ. ಹೆಂಗಸರ ಕೈ ಮೊಣಕೈವರೆಗೆ ನೀಲಿ. ಮತಗಟ್ಟೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಅವರ ಕೈಮೇಲೆ ಕಾಣುವುದೇ ಇಲ್ಲ. ನಾವು ಬಿಸ್ಕತ್ತಿನ ಡಬ್ಬಿಗೆ ಸೀಳು ಕೊರೆದು ಮತಪೆಟ್ಟಿಗೆ ಮಾಡಿಕೊಂಡಿದ್ದೆವು. ಮಾಸ್ತರರು ಬರೆದ ಅಭ್ಯಾಸದ ಚೀಟಿಯಲ್ಲಿ ನಾಲ್ಕು ಚಿತ್ರ: ಸೌಟು, ಮೊರ, ಬಾಚಣಿಗೆ, ಬೀಗ. ಯಾವ ಪಕ್ಷಕ್ಕೂ ಇಲ್ಲದ ಗುರುತುಗಳೆಂದು ಪಟ್ಟಿ ಹಿಡಿದು ಎರಡು ಸಲ ನೋಡಿ ಆರಿಸಿದ್ದರು. "ಹಿಂಗ ಮುದ್ರಿ ಒತ್ತಬೇಕ್ರಿ" ಎಂದು ನಾನು ಮೊದಲ ಚಿತ್ರದ ಮೇಲೆ ಒತ್ತಿ ತೋರಿಸುತ್ತಿದ್ದೆ. ಮೊದಲ ಚಿತ್ರ ಸೌಟು. ಆರು ವಾರ, ಮನೆಯಿಂದ ಮನೆಗೆ, ಸೌಟು. ಕಲಿತವರೂ ಸೌಟಿನ ಮೇಲೆಯೇ ಒತ್ತಿದರು. ಅದರಲ್ಲಿ ತಪ್ಪೇನಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಸಂಕವ್ವ ಓಣಿಯ ಕೊನೆಯ ಮನೆಯ ವಿಧವೆ. ಅವಳಷ್ಟು ಚುರುಕಾಗಿ ಕಲಿತವರು ಇನ್ನೊಬ್ಬರಿರಲಿಲ್ಲ.

"ನಾ ಯಾರಿಗೆ ಒತ್ತೀನಿ ಅಂತ ಖರೇನ ಯಾರಿಗೂ ತಿಳಿಯಂಗಿಲ್ಲೇನ್ರಿ?" ಎಂದು ಮೂರು ಸಲ ಕೇಳಿದಳು.

"ನೀವ ಬಾಯಿಬಿಟ್ಟರ ಅಷ್ಟ. ಯಾರಿಗೂ ಹೇಳಬ್ಯಾಡ್ರಿ" ಎಂದೆ.

ಅವಳ ಬಟ್ಟೆಗಳು ಮನೆಯ ಹಿಂದಿನ ಜಾಲಿ ಬೇಲಿಯ ಮೇಲೆ ಒಣಗುತ್ತಿದ್ದವು. ಓಣಿಯ ಎದುರಿಗೇ ಅಷ್ಟು ದೊಡ್ಡ ಬಯಲಿತ್ತು, ಎಲ್ಲ ಮನೆಯವರೂ ಅಲ್ಲಿ ಗೂಟ ಹುಗಿದು ಹಗ್ಗ ಕಟ್ಟಿದ್ದರು. ಇವಳೇಕೆ ಮುಳ್ಳಿನ ಮೇಲೆ ಹಾಕುತ್ತಾಳೆಂದು ನಾನು ಕೇಳಲಿಲ್ಲ.

ಆ ಸಲದ ಚುನಾವಣೆಯ ಜಗಳವೆಲ್ಲ ಆ ಬಯಲಿನದೇ. ಗಿರಣಿಯ ಒಡೆಯನ ತಮ್ಮ ಶೇಷಗೋಪಾಲ ಅದಕ್ಕೆ ಬೇಲಿ ಹಾಕಿ ಗೋದಾಮು ಕಟ್ಟುವ ಹವಣಿಕೆಯಲ್ಲಿದ್ದ. ಅವನು ಗೆದ್ದರೆ ಬಯಲು ಹೋಯಿತು, ಬಣ್ಣಗಾರರ ಹೊಟ್ಟೆಗೆ ಕಲ್ಲು ಬಿತ್ತು. ಯಾವ ಪಕ್ಷವೂ ಸೇರಿಸಿಕೊಳ್ಳದ್ದರಿಂದ ಅವನು ಸ್ವತಂತ್ರನಾಗಿ ನಿಂತ. ಸ್ವತಂತ್ರರಿಗೆ ಹಂಚುವ ಗುರುತುಗಳ ಪಟ್ಟಿ ಬೇರೆಯೇ ಇರುತ್ತದೆ. ಮಾಸ್ತರರು ಆ ಪಟ್ಟಿ ನೋಡಿರಲಿಲ್ಲ. ಮತದಾನಕ್ಕೆ ಹನ್ನೆರಡು ದಿನ ಇರುವಾಗ ಶೇಷಗೋಪಾಲನಿಗೆ ಸೌಟು ಸಿಕ್ಕಿತು.

ಮರುದಿನ ನಾನು ಚಿತ್ರಗಳೇ ಇಲ್ಲದ ಹೊಸ ಚೀಟಿ ಹಿಡಿದು ಓಣಿಗೆ ಹೋದೆ. ಓಣಿಯ ಬಾಯಲ್ಲೇ ತಡೆದರು. ಆರು ವಾರ ಮಜ್ಜಿಗೆ ಕೊಟ್ಟವರ ಕಣ್ಣು ಅಂದು ನೋಡುವಂತಿರಲಿಲ್ಲ. ಓಣಿಯ ಹಿರಿಯ ಗಿರಿಮಲ್ಲಪ್ಪ ಮುಂದೆ ಬಂದ.

"ಅವನ ಸೌಟಿಲೆ ಬಡಿಸ್ಕೊಂಡು ಉಂಡು ಬಂದೀರೇನು?"

"ಗೊತ್ತಿಲ್ಲದ ಆದದ್ದು. ನಮ್ಮ ತಪ್ಪು, ಒಪ್ಪಿಗೋತೀನಿ."

"ಹಂಗಾರ ಒಂದ ಮಾತು ಹೇಳ್ರಿ. ಸೌಟಿಗೆ ಹಾಕಬ್ಯಾಡ್ರಿ ಅನ್ರಿ. ಬಿಡ್ತೀವಿ."

ಒಂದೇ ಮಾತು. ದೇವರಾಣೆ, ಅದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಶೇಷಗೋಪಾಲನ ಮುಖ ಕಂಡರೆ ನನಗೂ ಆಗುತ್ತಿರಲಿಲ್ಲ.

"ಅದನ್ನ ನಾ ಹೇಳಾಂಗಿಲ್ರಿ" ಎಂದೆ. "ನಿಮ್ಮ ಮನಸಿಗೆ ಬಂದವ್ರಿಗೆ ಹಾಕ್ರಿ."

ಗುಂಪು ಸರಿಯಿತು. ಸಂಕವ್ವ ಬಣ್ಣದ ಗಡಿಗೆ ಎತ್ತಿಕೊಂಡು ಬಂದವಳೇ ನನ್ನ ಮೇಲೆ ಎರಚಿದಳು. "ನಮ್ಮ ಕೈ ಕೆಡಿಸಿದಾಕಿ" ಎಂದಳು. ಜನ ನಕ್ಕರು. ಗಿರಿಮಲ್ಲಪ್ಪ ಅವಳಿಗೆ ತನ್ನ ಪಕ್ಕದಲ್ಲಿ ನಿಲ್ಲಲು ಜಾಗ ಬಿಟ್ಟ. ನಾನು ತೊಟ್ಟಿಕ್ಕುತ್ತ ಊರ ನಡುವೆ ನಡೆದು ಮನೆಗೆ ಬಂದೆ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ನನ್ನ ಅವ್ವ ಸುಮ್ಮನೆ ಹೇಳುತ್ತಿರಲಿಲ್ಲ.

ಶೇಷಗೋಪಾಲ ಒಂಬತ್ತು ಮತಗಳಿಂದ ಗೆದ್ದ. ತಿಂಗಳೊಳಗೆ ಗೂಟಗಳನ್ನು ಕಿತ್ತು ಬಯಲಿಗೆ ತಂತಿ ಬೇಲಿ ಹಾಕಿಸಿದ. ಓಣಿಯವರ ಮಾತು ಒಂದೇ: ಸಂಘದವರು ಕಲಿಸಿದ ಕೈ, ತಾನಾಗಿ ಸೌಟಿಗೆ ಹೋಯಿತು. ನಾನು ದಾರಿಯಲ್ಲಿ ಹೋದರೆ ಅಂಗಡಿ ಕಟ್ಟೆಯವರು ಕೈಯಲ್ಲಿ ಬಡಿಸುವ ಸನ್ನೆ ಮಾಡುತ್ತಿದ್ದರು. ಸಂಘ ಮುಚ್ಚಿತು. ಮಾಸ್ತರರು ಮತ್ತೆ ಕುಂಚ ಮುಟ್ಟಲಿಲ್ಲ. "ಆ ಇನ್ನೊಂದು ಪಟ್ಟಿ ನೋಡಬೇಕಿತ್ತು" ಎಂದು ಹನ್ನೊಂದು ವರ್ಷ ಹೇಳಿದರು, ಅದನ್ನೇ ಹೇಳುತ್ತ ಸತ್ತರು.

ಅವರು ತೀರಿಹೋದ ಮೂರನೆಯ ದಿನ ಸಂಕವ್ವ ನನ್ನ ಬಾಗಿಲಿಗೆ ಬಂದಳು. ಮುದುಕಿಯಾಗಿದ್ದಳು. ನಾನು ಒಳಗೆ ಕರೆಯಲಿಲ್ಲ.

"ಮಾಸ್ತರು ಹೋದರಂತ" ಎಂದಳು. "ನನ್ನ ಕೈ ತಪ್ಪಿದ್ದಿಲ್ಲವ್ವ. ನೋಡೇ ಒತ್ತೀನಿ, ಸೌಟಿಗೆ."

ಹಾಕಲು ಹೊರಟಿದ್ದ ಬಾಗಿಲನ್ನು ನಾನು ಅಲ್ಲೇ ಹಿಡಿದೆ.

"ಗಂಡ ಸತ್ತ ವಾರದಾಗ ಆ ಬಯಲಾಗಿನ ನನ್ನ ಗೂಟ ಕಿತ್ತು ಒಗದ್ರು. ರಂಡಿಗೆ ಯಾಕ ಜಾಗ ಅಂದ ಗಿರಿಮಲ್ಲಪ್ಪ. ಇಪ್ಪತ್ತು ವರ್ಷ ಮುಳ್ಳಿನ ಮ್ಯಾಲೆ ಬಟ್ಟಿ ಹರಕೊಂಡೀನಿ. ಎಲ್ಲಾರೂ ಒಮ್ಮೆ ಮುಳ್ಳಿನ ಮ್ಯಾಲೆ ಹಾಕಲಿ ಅನ್ನಿಸ್ತು. ನನ್ನಂಥವ್ರು ಇನ್ನೆಷ್ಟು ಮಂದಿ ಇದ್ರೋ. ಅವ್ರೂ ಹೇಳಿಲ್ಲ."

"ಮತ್ತ ನನಗ್ಯಾಕ ಬಣ್ಣ ಎರಚಿದಿ?"

"ಯಾರಿಗೂ ತಿಳೀಬಾರದು ಅಂತ ನೀವ ಹೇಳಿದ್ರಲ್ಲ."

ಕಪಾಳಕ್ಕೆ ಹೊಡೆಯಬೇಕೆನಿಸಿತು. ಅವಳ ಬಯಲಿನ ನೋವು ಅರ್ಥವಾಗದೆ ಇರಲಿಲ್ಲ. ಆದರೆ ಮಾಸ್ತರರ ಹನ್ನೊಂದು ವರ್ಷವನ್ನು ಯಾರು ತಂದುಕೊಡುತ್ತಾರೆ? "ಅವ್ರು ಇದ್ದಾಗ ಬಂದು ಹೇಳಬೇಕಿತ್ತು" ಎಂದೆ. ಅವಳು ತಲೆ ತಗ್ಗಿಸಿದಳು. "ಆ ಸೀರಿ ಕೊಡವ್ವ, ಪೂರಾ ಬಣ್ಣಕ್ಕ ಅದ್ದಿ ಕೊಡ್ತೀನಿ. ಕಲಿ ಕಾಣಂಗಿಲ್ಲ" ಎಂದಳು. ನಾನು ಬಾಗಿಲು ಹಾಕಿಕೊಂಡೆ.

ಆ ಓಣಿಗೆ ಹೋಗಿ ಅವಳು ನೋಡಿಯೇ ಒತ್ತಿದಳೆಂಬ ಒಂದೇ ಮಾತು ಹೇಳಿದ್ದರೆ ನನ್ನ ಹೆಸರಿನ, ಮಾಸ್ತರರ ಹೆಸರಿನ ಕಳಂಕ ತೊಳೆದುಹೋಗುತ್ತಿತ್ತು. ಅವಳನ್ನು ಓಣಿಯವರು ಉಳಿಸುತ್ತಿರಲಿಲ್ಲ. ಅದಕ್ಕಾಗಿ ಸುಮ್ಮನಿದ್ದೆನೆಂದು ಯಾರೂ ನನ್ನನ್ನು ಹೊಗಳುವುದು ಬೇಡ. ನಾನು ಅವಳನ್ನು ಕ್ಷಮಿಸಿಲ್ಲ. ಮತ ಯಾರದೆಂದು ಹೇಳಬಾರದು ಎಂಬುದು ಮಾಸ್ತರರ ನಿಯಮ. ಅವರದೆಂದು ಉಳಿದಿರುವುದು ಅದೊಂದೇ.

ಆದ್ದರಿಂದ ಓದಿದವರಿಗೆ ಒಂದು ವಿಷಯ ತಿಳಿಸಿಬಿಡುತ್ತೇನೆ. ಸಂಕವ್ವ ಎಂಬುದು ಅವಳ ಹೆಸರಲ್ಲ. ಆ ಓಣಿ ಬಣ್ಣಗಾರರದೂ ಅಲ್ಲ. ಸೌಟು ಸೌಟಲ್ಲ. ಊರಿನ ಹೆಸರನ್ನು ನಾನು ಬರೆಯಲೇ ಇಲ್ಲ. ಇವತ್ತು ಬೆಳಗ್ಗೆ ಆ ಬಿಳಿ ಸೀರೆಯನ್ನು ಒಗೆದು ಅಂಗಳದ ಹಗ್ಗಕ್ಕೆ ಹಾಕಿದ್ದೇನೆ, ಬಿಸಿಲಿಗೆ ಒಣಗುತ್ತಿದೆ. ಕಲೆ ಮಾತ್ರ ನಿಜ. ಅದರ ಬಣ್ಣ ಯಾವುದೆಂದು ಹೇಳುವುದಿಲ್ಲ.