ಬಚ್ಚಿಟ್ಟ ವಿಮಾನ

“ನೇರ ವಿಮಾನ ಇಲ್ಲ ಕಣೇ,” ಎಂದು ಟಿಕೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಕ್ಕ ಫೋನಿನಲ್ಲಿ ತಂಗಿಗೆ ಹೇಳುವಾಗ, ಹದಿಮೂರು ಗಂಟೆಗಳ ನೇರ ಪ್ರಯಾಣದ ಸಾಲು ಅಕ್ಕನೆದುರಿನ ಪರದೆಯ ಮೇಲೆಯೇ ಇತ್ತು. ಸೀಟುಗಳಿಗೂ ಬರವಿರಲಿಲ್ಲ.

“ಎರಡು ಕಡೆ ಇಳಿದು ಹತ್ತಬೇಕು. ಒಟ್ಟು ಮೂವತ್ತೊಂದು ಗಂಟೆ. ನಡುವೆ ಒಂದು ರಾತ್ರಿ ನಿಲ್ದಾಣದ ಕುರ್ಚಿಯಲ್ಲೇ. ನೀನೇನೋ ಹೇಗಾದ್ರೂ ಬಂದುಬಿಡ್ತೀಯ. ವಾಪಸ್ ಹೋಗುವಾಗ ಆರು ವರ್ಷದ ಮಗು ಕಟ್ಕೊಂಡು ಏನು ಮಾಡ್ತೀಯ?”

ಗಂಡ ತೀರಿಕೊಂಡ ವರ್ಷವೇ, ಎರಡು ವರ್ಷದ ಮಗಳನ್ನು ಅಕ್ಕನ ಮಡಿಲಿಗೆ ಹಾಕಿ, ಭೂಮಿಯ ಆಚೆ ಬದಿಯ ಊರಿಗೆ ದುಡಿಯಲು ಹೋದವಳು ತಂಗಿ. ಮಗಳನ್ನು ಜೊತೆಗಿರಿಸಿಕೊಳ್ಳಲು ಅಲ್ಲಿಯ ಸರಕಾರದ ಅನುಮತಿ ಈಗಷ್ಟೇ ದೊರೆತಿತ್ತು. ಪ್ರಯಾಣದ ವಿಷಯದಲ್ಲಿ ಅಕ್ಕನ ಮಾತೇ ಅವಳಿಗೆ ಶಾಸನ.

“ನೀನೇ ಹೇಳಕ್ಕ, ಏನ್ ಮಾಡ್ಲಿ?”

“ಇನ್ನೊಂದು ವರ್ಷ ಹೋಗ್ಲಿ. ಸ್ವಲ್ಪ ದೊಡ್ಡವಳಾಗ್ಲಿ.”

“ಹಾಗೇ ಆಗ್ಲಿ,” ಎಂದು ತಂಗಿ ಫೋನಿಟ್ಟಳು.

ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಂಗಡಿಯ ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಪರದೆಯತ್ತ ಬಗ್ಗಿದರು. “ಇಲ್ಲದ ವಿಮಾನ ಮಾರಿದೋರನ್ನ ಕಂಡಿದೀನಿ ತಾಯಿ. ಇರೋ ವಿಮಾನ ಬಚ್ಚಿಟ್ಟೋರನ್ನ ಇವತ್ತೇ ಕಂಡಿದ್ದು.”

“ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಯಜಮಾನ್ರೇ.”

ಅಕ್ಕ ಪರದೆಯ ಮೇಲಿನ ಆ ಸಾಲನ್ನು ಮುಚ್ಚಿದಳು. ಹೆತ್ತವಳು ತಂಗಿಯಾದರೆ, ಜ್ವರ ಬಂದಾಗ ಬೆಳಗಾಗುವವರೆಗೆ ಪಕ್ಕದಲ್ಲಿ ಕುಳಿತವಳು ತಾನಲ್ಲವೇ? ಮಗುವಿನ ಒಳ್ಳೆಯದಕ್ಕಾಗಿ ಒಂದು ವರ್ಷ ತಡೆದರೆ ಅದು ಕಳ್ಳತನವೇ? ಹೀಗೆ ತನ್ನ ಪರವಾಗಿ ತಾನೇ ವಕಾಲತ್ತು ವಹಿಸುತ್ತ ಮಧ್ಯಾಹ್ನವನ್ನು ದೂಡಿದಳು.

ಶಾಲೆ ಬಿಟ್ಟು ಅಂಗಡಿಗೆ ಬಂದ ಮಗು ಚೀಲ ಇಳಿಸುವ ಮೊದಲೇ ಕೇಳಿತು: “ಅಮ್ಮ ಯಾವತ್ತು ಬರ್ತಾಳೆ ದೊಡ್ಡಮ್ಮ?”

“ಈ ವರ್ಷ ಆಗಲ್ಲ ಪುಟ್ಟಿ. ದಾರಿ ಬಹಳ ದೂರ. ರಾತ್ರಿಯೆಲ್ಲ ಕುರ್ಚಿಯಲ್ಲೇ ಮಲಗ್ಬೇಕು. ನಿನ್ನ ಕೈಲಾಗಲ್ಲ.”

ಮಗು ಅಳಲಿಲ್ಲ. ಅತ್ತಿದ್ದರೆ ಸಮಾಧಾನಪಡಿಸುವ ವಿದ್ಯೆ ಇವಳಿಗೆ ಕರಗತವಾಗಿತ್ತು. ಗಿರಾಕಿಯೊಬ್ಬರನ್ನು ಕಳುಹಿಸಿ ತಲೆಯೆತ್ತಿದರೆ, ಗೋಡೆಯ ಬದಿಯ ಕಬ್ಬಿಣದ ಕುರ್ಚಿಯಲ್ಲಿ ಮಗು ಮೊಣಕಾಲುಗಳನ್ನು ಗಲ್ಲಕ್ಕೆ ತಂದು ಮುದುಡಿ ಮಲಗಿತ್ತು. ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿತ್ತು.

“ಏನೇ ಇದು?”

“ಮಾತಾಡಿಸ್ಬೇಡ, ಅಭ್ಯಾಸ ಮಾಡ್ತಿದೀನಿ. ಕತ್ತು ಸ್ವಲ್ಪ ನೋಯುತ್ತೆ, ಅಷ್ಟೇ. ನನ್ನ ಕೈಲಾಗುತ್ತೆ ಅಂತ ಅಮ್ಮನಿಗೆ ಹೇಳು.”

ಮಗುವಿಗಾಗಿ ಎಂದು ಹೇಳಿಕೊಂಡಿದ್ದ ಮಾತಿಗೆ ಇನ್ನು ನಿಲ್ಲಲು ನೆಲವಿರಲಿಲ್ಲ. ಅವಳು ತಂಗಿಗೆ ಫೋನು ಮಾಡಿದಳು.

“ನೇರ ವಿಮಾನ ಇದೆ. ಹದಿಮೂರು ಗಂಟೆ.”

“ಈಗ ಸಿಕ್ತಾ ಅಕ್ಕ?”

ಹೌದೆಂದಿದ್ದರೆ ಮುಗಿಯುತ್ತಿತ್ತು, ತಂಗಿ ನಂಬುತ್ತಿದ್ದಳು, ಮೇಲೆ ನಾಲ್ಕು ಒಳ್ಳೆಯ ಮಾತನ್ನೂ ಆಡುತ್ತಿದ್ದಳು.

“ಬೆಳಿಗ್ಗೇನೂ ಇತ್ತು.”

ತಂಗಿ, ಗುರುತಿಲ್ಲದ ಅಂಗಡಿಯೊಂದಕ್ಕೆ ಹೇಳುವವಳಂತೆ, “ವಾಪಸ್ಸಿಗೆ ಎರಡು ಸೀಟು ಪಕ್ಕಪಕ್ಕ ಇರ್ಲಿ,” ಎಂದಳು.

“ಕಿಟಕಿ ಯಾರಿಗೆ?”

“ಅವಳಿಗೆ.”

ಮಗು ಒಂದು ಕಣ್ಣನ್ನು ಮಾತ್ರ ತೆರೆಯಿತು. “ಅಮ್ಮ ಏನಂದ್ಲು?”

“ಬರ್ತಾಳಂತೆ. ನಿನಗೆ ಕಿಟಕಿ ಸೀಟಂತೆ.”

“ಮತ್ತೆ ನಿನಗೆ?”

ಅಕ್ಕ ಪರದೆಯತ್ತ ತಿರುಗಿ ಎರಡನೆಯ ಸೀಟಿಗೆ ತಂಗಿಯ ಹೆಸರನ್ನು ಟೈಪು ಮಾಡತೊಡಗಿದಳು.