ಅತ್ತೆ ಬೈಯುತ್ತಿಲ್ಲ, ಡಾಕ್ಟ್ರೇ

ಆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕಾಯಿಲೆಯನ್ನು ಗಂಟಲಿನಿಂದ ಅಳೆಯುತ್ತಿದ್ದರು. ಕೂಗಿದವರಿಗೆ ಮಂಚ, ನರಳಿದವರಿಗೆ ಬೆಂಚು, ಸುಮ್ಮನಿದ್ದವರಿಗೆ ಗೋಡೆಯ ಆಸರೆ. ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡ ಮಹಾನುಭಾವರೊಬ್ಬರು ಲೋಕವೇ ಮುಳುಗಿದಂತೆ ಅರಚಿ, ಇದ್ದಬದ್ದ ನರ್ಸ್‌ಗಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡಿದ್ದರು. ಅತ್ತೆ ಗಾಲಿಕುರ್ಚಿಯಲ್ಲಿ ಕೈಮೇಲೆ ಕೈಯಿಟ್ಟು ಕೂತಿದ್ದರು. ಇಂಥ ಸಾಧ್ವಿಗೆ ಏನು ತಾನೇ ಆಗಿರಲು ಸಾಧ್ಯ?

ಕೊನೆಗೆ ಡಾಕ್ಟರು ಬಂದರು. "ಅಜ್ಜಿ, ಇವತ್ತು ಯಾವ ವಾರ?"

"ನೀವು ಹೇಳಿದ್ದೇ ವಾರ, ಸ್ವಾಮಿ."

"ಎಲ್ಲಾದ್ರೂ ನೋವಿದೆಯಾ?"

"ನಿಮ್ಮ ದಯೆಯಿಂದ ಏನೂ ಇಲ್ಲ."

ಡಾಕ್ಟರಿಗೆ ಸಂತೋಷವಾಯಿತು. ಇಷ್ಟು ವಿನಯದ ರೋಗಿ ಅವರಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ. "ಮರೆವಿನ ಕಾಯಿಲೆ ಮೊದಲಿಂದ ಇದೆ ಅಂತೀರಿ. ಜ್ವರ ಇಲ್ಲ. ವಯಸ್ಸಾಯ್ತಲ್ಲ, ಹೀಗೇ ಇರ್ತಾರೆ. ಮನೆಗೆ ಕರ್ಕೊಂಡು ಹೋಗಿ."

"ಹೀಗೆ ಇರಲ್ಲ ಡಾಕ್ಟ್ರೇ," ಎಂದಳು ಸೊಸೆ. "ನಿನ್ನೆ ಸಂಜೆಯಿಂದ ನನ್ನನ್ನ ಒಂದು ಸಲಾನೂ ಬೈದಿಲ್ಲ."

ಗಂಡ ನಾಚಿ ನೆಲ ನೋಡಿದ. "ಅತ್ತೆ ಬೈಯಲ್ಲ ಅಂತ ಆಸ್ಪತ್ರೇಲಿ ದೂರು ಕೊಡೋ ಸೊಸೆ ನೀನೊಬ್ಬಳೇ ಕಣೇ. ಮನೆ ತಣ್ಣಗಿದೆ, ಇರಲಿ ಬಿಡು."

"ರೀ, ತಣ್ಣಗಾಗ್ತಿರೋದು ಮನೆಯಲ್ಲ, ನಿಮ್ಮಮ್ಮ. ಉಂಡಿದ್ದು ಮರೀತಾರೆ, ನಿಮ್ಮ ಹೆಸರು ಮರೀತಾರೆ. ನನ್ನ ತಪ್ಪು ಹುಡುಕೋದನ್ನ ಯಾವತ್ತಾದ್ರೂ ಮರೆತಿದಾರಾ?"

ಡಾಕ್ಟರು ಮುಗುಳ್ನಕ್ಕು ಚೀಟಿ ಬರೆಯತೊಡಗಿದರು. ಸೊಸೆ ಅತ್ತೆಯ ಬೆನ್ನಿಗಿಟ್ಟಿದ್ದ ದಿಂಬನ್ನು ತೆಗೆದು, ಕವರಿನ ಒಳಮೈ ಹೊರಗೆ ಮಾಡಿ, ಅರ್ಧ ಜೋತಾಡುವಂತೆ ತೊಡಿಸಿ ಅವರ ಮಡಿಲಲ್ಲಿಟ್ಟಳು. ಇದರ ಕಾಲು ಭಾಗದಷ್ಟು ಅಪರಾಧಕ್ಕೂ ಅವಳ ತವರಿನ ತಲೆಮಾರುಗಳನ್ನೆಲ್ಲ ಜಾಲಾಡಿದ ನಾಲಿಗೆ ಅತ್ತೆಯದು.

"ಹೇಗಿದೆ, ಅತ್ತೆ?"

ಅತ್ತೆ ದಿಂಬನ್ನು ನೇವರಿಸಿದರು. "ಎಷ್ಟು ಚೆನ್ನಾಗಿ ಹಾಕಿದೀರಮ್ಮ."

ಗಂಡನ ಮುಖ ಬಿಳುಚಿಕೊಂಡಿತು. "ಡಾಕ್ಟ್ರೇ," ಎಂದ, "ಅಮ್ಮನಿಗೆ ಏನೋ ಆಗಿದೆ."

ಸೊಸೆ ಹೇಳಿದಾಗ ತಮಾಷೆಯಾಗಿದ್ದದ್ದು ಮಗ ಹೇಳಿದೊಡನೆ ರೋಗಲಕ್ಷಣವಾಯಿತು. ಡಾಕ್ಟರ ಪೆನ್ನು ನಿಂತಿತು. "ನಿನ್ನೆ ಸಂಜೆಯಿಂದ ಅಂದ್ರಾ? ಮರೆವು ಹೀಗೆ ಒಂದೇ ಸಲಕ್ಕೆ ಏರಲ್ಲವಲ್ಲ."

ರಕ್ತ, ಮೂತ್ರ ಎರಡೂ ಪರೀಕ್ಷೆಗೆ ಹೋದವು. ಮೂತ್ರದ ಸೋಂಕು ರಕ್ತಕ್ಕೂ ಹರಡಿತ್ತು. ವಯಸ್ಸಾದವರಲ್ಲಿ ಜ್ವರವಿಲ್ಲದೆಯೂ ಹೀಗಾಗುತ್ತದೆ, ಗುಣ ಬದಲಾಗುವುದೇ ಗುರುತು, ಮನೆಗೆ ಒಯ್ದಿದ್ದರೆ ಉಳಿಯುವುದು ಕಷ್ಟವಿತ್ತು ಎಂದು ಡಾಕ್ಟರು ಸೊಸೆಗೇ ವಿವರವಾಗಿ ಪಾಠ ಹೇಳಿದರು. ಅವಳು ಶ್ರದ್ಧೆಯಿಂದ ತಲೆಯಾಡಿಸಿದಳು.

ಡ್ರಿಪ್ ಹಾಕಿದ ಮೇಲೆ ಅವಳು ಮಂಚದ ಪಕ್ಕ ಕೂತಳು. ಅತ್ತೆ ಅವಳ ಕೈ ಹಿಡಿದುಕೊಂಡರು.

"ನೀವು ಯಾರ ಮನೆ ಮಗಳಮ್ಮ? ನನಗೂ ನಿಮ್ಮಂಥ ಸೊಸೆ ಸಿಕ್ಕಿದ್ದಿದ್ರೆ."

ಮದುವೆಯಾದಾಗಿನಿಂದ ಕಾದಿದ್ದ ಮಾತು. ಸೊಸೆ ಕಣ್ಣು ಮುಚ್ಚಿ, ಇದು ಬೇಗ ವಾಸಿಯಾಗಲಪ್ಪಾ ಎಂದು ದೇವರಲ್ಲಿ ಬೇಡಿಕೊಂಡಳು.