ಫೆಸ್ ಕೋಣೆಯ ಗಡಿಯಾರ

ಎರಡನೆಯ ಸಲವೂ ಹೆಸರುಗಳು ಮಾಯವಾಗತೊಡಗಿದಾಗ ಗಿಜ್ಲಾನ್ ಕುರ್ಚಿಯಿಂದ ಎದ್ದೇ ಬಿಟ್ಟಳು. ಇನ್ನೂರ ಹನ್ನೆರಡು ರೋಗಿಗಳ ಪಟ್ಟಿ ಪರದೆಯ ಮೇಲೆ ಪೂರ್ತಿ ಬಂದು ಐದು ನಿಮಿಷವೂ ಆಗಿರಲಿಲ್ಲ. ನೋಡನೋಡುತ್ತಿದ್ದಂತೆ ನೂರೈವತ್ತಕ್ಕೆ ಇಳಿಯಿತು, ನಲವತ್ತಕ್ಕೆ ಇಳಿಯಿತು, ಕೊನೆಗೆ ಸೊನ್ನೆ.

"ಯಾ ರಬ್ಬೀ, ಮತ್ತೆ ಹೋಯ್ತಲ್ಲ!"

ಮಧ್ಯಾಹ್ನ ಒಂದು ಗಂಟೆ. ರಂಜಾನಿನ ನಾಲ್ಕನೆಯ ದಿನ. ಬಾಯಿ ಒಣಗಿತ್ತು, ತಲೆ ಸಿಡಿಯುತ್ತಿತ್ತು. ಅವಳು ಕೆಲಸ ಮಾಡುವ ಧರ್ಮಸಂಸ್ಥೆ ಮೂರು ಊರುಗಳಲ್ಲಿ ಡಯಾಲಿಸಿಸ್ ಕೇಂದ್ರ ನಡೆಸುತ್ತಿತ್ತು: ಇಲ್ಲಿ ಕಾಸಾಬ್ಲಾಂಕಾದಲ್ಲಿ, ಅಗಾದಿರ್‌ನಲ್ಲಿ, ಫೆಸ್‌ನಲ್ಲಿ. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂಬುದೆಲ್ಲ ಮೂರೂ ಊರಿನ ಕಂಪ್ಯೂಟರುಗಳಲ್ಲಿ ಹಂಚಿಕೊಂಡಿತ್ತು. ಒಂದು ಕಡೆ ಬರೆದರೆ ಮೂರು ಕಡೆಯೂ ಬರೆದ ಹಾಗೆ. ಅಳಿಸಿದರೂ ಅಷ್ಟೇ. ಬೆಳಿಗ್ಗೆ ಹನ್ನೊಂದು ನಲವತ್ತೆರಡಕ್ಕೆ ತೀರಿಕೊಂಡವರ ಹೆಸರುಗಳನ್ನು ತೆಗೆಯಲು ಕೂತ ಗಿಜ್ಲಾನ್ 'ತೀರಿಕೊಂಡವರು ಮಾತ್ರ' ಎಂಬ ಷರತ್ತು ಹಾಕಲು ಮರೆತು ಬದುಕಿರುವವರನ್ನೂ ಅಳಿಸಿಬಿಟ್ಟಿದ್ದಳು. ಎರಡೂವರೆಗೆ ಮಧ್ಯಾಹ್ನದ ಪಾಳಿ. ಪಟ್ಟಿಯಿಲ್ಲದೆ ಯಾವ ಡಾಕ್ಟರೂ ಯಾರನ್ನೂ ಯಂತ್ರಕ್ಕೆ ಹಚ್ಚುವುದಿಲ್ಲ.

ಬ್ಯಾಕಪ್ ಇರಲಿಲ್ಲವೆಂದಲ್ಲ. ಪ್ರತಿ ಊರಿನ ಕಂಪ್ಯೂಟರೂ ರಾತ್ರಿ ಒಂದು ಪೂರ್ತಿ ಪ್ರತಿ ತೆಗೆದಿಡುತ್ತದೆ. ಆಮೇಲೆ ಹಗಲಿಡೀ ಆದ ಬದಲಾವಣೆಗಳನ್ನು ಗಂಟೆ ನಿಮಿಷಗಳ ಸಮೇತ ದಿನಚರಿಯಂತೆ ಬರೆಯುತ್ತ ಹೋಗುತ್ತದೆ. ರಾತ್ರಿಯ ಪ್ರತಿಯನ್ನು ಇಟ್ಟು, ದಿನಚರಿಯನ್ನು ಹನ್ನೊಂದು ನಲವತ್ತರವರೆಗೆ ಓದಿಸಿ ನಿಲ್ಲಿಸಿದರೆ ಮುಗಿಯಿತು, ಅಳಿಸಿದ್ದು ನಡೆದೇ ಇಲ್ಲ ಎಂದಾಗಬೇಕು. ಎರಡು ಸಲ ಹಾಗೆಯೇ ಮಾಡಿದ್ದಳು.

ಬಾಗಿಲಲ್ಲಿ ನಿರ್ದೇಶಕಿ ಮದಾಮ್ ಲಹ್ಲೂ ನಿಂತಿದ್ದರು. "ಆ ಫೆಸ್‌ನ ಹಳೇ ಡಬ್ಬದ್ದೇ ಕಿತಾಪತಿ ಇರ್ಬೇಕು ನೋಡು. ನಂಗೊಂದು ನೆಪ ಸಿಕ್ಲಿ ಸಾಕು, ಅದನ್ನ ಎತ್ತಿ ಇಲ್ಲಿಗೇ ತರಿಸ್ತೀನಿ. ಸಿ ಬೂಷ್ತಾನೂ ಮನೇಲಿ ಕೂತು ಮೊಮ್ಮಕ್ಕಳನ್ನ ಆಡಿಸಲಿ."

ಗಿಜ್ಲಾನ್‌ಗೆ ಆ ಮಾತು ಹಿಡಿಸಲಿಲ್ಲ. ಫೆಸ್‌ನ ಕಂಪ್ಯೂಟರ್ ಕೋಣೆಯಲ್ಲಿ ಬೂಷ್ತಾ ಇಪ್ಪತ್ತಾರು ವರ್ಷದಿಂದ ಇದ್ದಾರೆ, ಎಲ್ಲರೂ ಗೌರವದಿಂದ 'ಸಿ' ಸೇರಿಸಿಯೇ ಕರೆಯುತ್ತಾರೆ, ಇನ್ನೂ ನಾಲ್ಕು ವರ್ಷದ ಸೇವೆ ಇದೆ. ಇವಳು ಕಾಲೇಜು ಮುಗಿಸಿ ಬಂದಾಗ ಕೈಹಿಡಿದು ಕೆಲಸ ಕಲಿಸಿದವರು ಅವರೇ. ಮೊಮ್ಮಕ್ಕಳನ್ನು ಆಡಿಸುವ ಆಸಾಮಿಯೇ ಅಲ್ಲ ಅವರು.

ಮದಾಮ್ ಅತ್ತ ಹೋದ ಮೇಲೆ ಅವಳು ಮೂರರ ನಡುವಿನ ಸಂಪರ್ಕ ಕಡಿದು ಬ್ಯಾಕಪ್ ಓದಿ ಮುಗಿಸಿದಾಗ ಯಾವುದರಲ್ಲಿ ಏನಿತ್ತೆಂದು ಒಂದೊಂದನ್ನೇ ಬೇರೆಯಾಗಿ ನೋಡಿದಳು. ಕಾಸಾಬ್ಲಾಂಕಾ ಸರಿಯಿತ್ತು. ಅಗಾದಿರ್ ಸರಿಯಿತ್ತು. ಫೆಸ್ ಮಾತ್ರ ಖಾಲಿಯಾಗಿಯೇ ಎದ್ದು ಕೂತಿತ್ತು. ಜೋಡಿಸಿದ ಕೂಡಲೇ 'ಇವರನ್ನೆಲ್ಲ ಅಳಿಸಿದೆ' ಎಂದು ಉಳಿದೆರಡಕ್ಕೂ ಹೇಳುತ್ತಿದ್ದದ್ದು ಅದೇ. ಅವಳು ಫೆಸ್‌ಗೆ ಫೋನ್ ಮಾಡಿದಳು.

"ಏನಮ್ಮಾ, ಇನ್ನೂ ಆಗ್ಲಿಲ್ವಾ? ಇಲ್ಲಿ ಆಗ್ಲೇ ಜನ ಬಂದು ಕೂತಿದಾರೆ. ಅವರ ಜತೆಗೆ ನಂಗೂ ಬಿಪಿ ಏರ್ತಿದೆ."

"ಸಿ ಬೂಷ್ತಾ, ನಿಮ್ಮ ಮಶೀನ್ ದಿನಚರೀಲಿ ಅಳಿಸಿದ ಸಾಲು ಇದ್ಯಲ್ಲ, ಅದರ ಹೊತ್ತು ಎಷ್ಟು ಅಂತಿದೆ, ಓದಿ."

"ನನ್ನ ಮಶೀನ್ ಮೇಲೆ ಅನುಮಾನನಾ? ಊರಿಗೊಂದು ದಾರಿ ಆದ್ರೆ ಎಡವಟ್ಟನಿಗೊಂದು ದಾರಿ ಅಂತಾರಲ್ಲ, ಆ ಎಡವಟ್ಟ ನಾನಲ್ಲಮ್ಮ." ಕೀಲಿಗಳ ಸದ್ದು ಕೇಳಿಸಿತು. "ಹತ್ತು ನಲವತ್ತೆರಡು."

"ಹತ್ತಾ? ನಾನು ಅಳಿಸಿದ್ದು ಹನ್ನೊಂದು ನಲವತ್ತೆರಡಕ್ಕೆ."

"ನನ್ನ ಮಶೀನ್ ಗಂಟೆ ಸರಿಯಾಗೇ ಇದೆ. ಕೈಗಡಿಯಾರಕ್ಕೂ ಅದಕ್ಕೂ ಒಂದು ನಿಮಿಷ ವ್ಯತ್ಯಾಸ ಇಲ್ಲ. ರಂಜಾನಿಗೆ ದೇಶದಲ್ಲೆಲ್ಲ ಗಡಿಯಾರ ಒಂದು ಗಂಟೆ ಹಿಂದೆ ಹಾಕ್ತಾರಲ್ಲ, ಭಾನುವಾರ ಇದನ್ನೂ ನಾನೇ ಕೈಯಾರೆ ತಿರುಗಿಸಿದೀನಿ. ಒಂದು ವರ್ಷ ಅದು ತಾನಾಗಿ ತಪ್ಪು ದಿನ ತಿರುಗಿ ರಾದ್ಧಾಂತ ಆಗಿತ್ತು. ಅವತ್ತಿಂದ ನಾನು ಯಾರನ್ನೂ ನಂಬಲ್ಲ."

ಗಿಜ್ಲಾನ್ ಕಣ್ಣು ಮುಚ್ಚಿಕೊಂಡಳು. ಕಂಪ್ಯೂಟರಿನ ಒಳಗೊಂದು ಗಡಿಯಾರವಿದೆ, ಅದು ಜಗತ್ತಿಗೆಲ್ಲ ಒಂದೇ. ದಿನಚರಿಯ ಹೊತ್ತು ಬರೆಯುವುದು ಅದನ್ನು ನೋಡಿಯೇ. ರಂಜಾನ್ ಬರಲಿ ಹೋಗಲಿ, ಅದನ್ನು ಮುಟ್ಟಬಾರದು. ಹೊರಗೆ ಕಾಣುವ ಗಂಟೆಯಷ್ಟೇ ಬದಲಾಗಬೇಕು. ಉಳಿದೆರಡು ಊರಿನಲ್ಲಿ ಹಾಗೇ ಆಗಿತ್ತು. ಸಿ ಬೂಷ್ತಾ ಒಳಗಿನದನ್ನೇ ಹಿಂದಕ್ಕೆ ಎಳೆದಿದ್ದರು; ಹೊರಗೆ ಗಂಟೆ ಸರಿಯಾಗಿ ಕಂಡರೂ ದಿನಚರಿ ಒಂದು ಗಂಟೆ ಹಿಂದಿತ್ತು. ಹನ್ನೊಂದು ನಲವತ್ತರವರೆಗೆ ಓದು ಎಂದರೆ ಫೆಸ್ ಪಾಪ ಹತ್ತು ನಲವತ್ತೆರಡರ ಅಳಿಸುವಿಕೆಯನ್ನೂ ನಿಷ್ಠೆಯಿಂದ ಓದಿಯೇ ನಿಲ್ಲುತ್ತಿತ್ತು. ಇಷ್ಟು ವರ್ಷ ಆ ಕಂಪ್ಯೂಟರ್ ಒಂಟಿಯಾಗಿತ್ತು, ಏನೂ ತೊಂದರೆಯಾಗಿರಲಿಲ್ಲ. ಮೂರನ್ನೂ ಜೋಡಿಸಿದ್ದು ಹೋದ ಚಳಿಗಾಲದಲ್ಲಿ, ಜೋಡಿಸಿದವಳು ಇವಳೇ. ಗಡಿಯಾರ ಹೇಗೆ ತಿರುಗಿಸುತ್ತೀರಿ ಎಂದು ಒಂದು ಮಾತು ಕೇಳಿರಲಿಲ್ಲ.

ಮೆಲ್ಲಗೆ ವಿವರಿಸಿದಳು.

"ಹಾಗಾದ್ರೆ ನನ್ನದನ್ನ ಹತ್ತು ನಲವತ್ತಕ್ಕೆ ನಿಲ್ಲಿಸ್ಬೇಕು," ಎಂದರು ಸಿ ಬೂಷ್ತಾ.

"ಹೂಂ. ಶುರು ಮಾಡ್ತೀನಿ."

ಮೂರನೆಯ ಸಲಕ್ಕೂ ಅರ್ಧ ಗಂಟೆ ಹಿಡಿಯಿತು. ಎರಡು ಗಂಟೆ ಹತ್ತಕ್ಕೆ ಇನ್ನೂರ ಹನ್ನೆರಡು ಹೆಸರು ಬಂದವು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಒಂದೂ ಹೋಗಲಿಲ್ಲ. ಸಿ ಬೂಷ್ತಾ ಪರದೆಯನ್ನು ನಂಬದೆ ಕಾಗದ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಪ್ರತಿಯೊಬ್ಬರ ಹೆಸರು, ತೂಕ ಕೇಳಿ ತಾಳೆ ನೋಡಿದರು. ಎರಡು ಗಂಟೆ ಇಪ್ಪತ್ತೆಂಟಕ್ಕೆ ಫೆಸ್‌ನಲ್ಲಿ ಮೊದಲ ಯಂತ್ರ ಶುರುವಾದ ಸದ್ದು ಫೋನಿನಲ್ಲೇ ಕೇಳಿಸಿತು. ಗಿಜ್ಲಾನ್‌ಗೆ ಅಳು ಬಂತು, ಖುಷಿಗೆ.

ಮದಾಮ್ ಲಹ್ಲೂ ಅಷ್ಟರಲ್ಲಿ ಬಂದು ಮೇಜಿಗೆ ಒರಗಿ ನಿಂತರು. ಫೋನಿನ ಸ್ಪೀಕರ್ ಹಾಕಿಯೇ ಇತ್ತು.

"ಸರಿ ಹೋಯ್ತಲ್ಲ, ಅಲ್‌ಹಮ್ದುಲಿಲ್ಲಾ. ಈಗ ಹೇಳು, ತಪ್ಪು ಎಲ್ಲಿಂದ?"

"ನನ್ನಿಂದ, ಮದಾಮ್. ಅಳಿಸಿದ್ದು ನಾನೇ."

"ಅದು ಗೊತ್ತು. ಎರಡು ಸಲ ಯಾಕೆ ಕೆಟ್ಟಿತು?"

"ಹೊತ್ತಿನ ಲೆಕ್ಕ ನಾನು ಸರಿಯಾಗಿ ಕೊಟ್ಟಿರ್ಲಿಲ್ಲ," ಎಂದಳು ಗಿಜ್ಲಾನ್. ಸುಳ್ಳೂ ಅಲ್ಲ, ನಿಜವೂ ಅಲ್ಲ. ನೆಲ ನೋಡುತ್ತಿದ್ದಳು.

"ಅರ್ಧ ಹೇಳಿದ್ಲು," ಎಂದಿತು ಫೋನು. "ಉಳಿದರ್ಧ ನನ್ನದು, ಮದಾಮ್. ಒಳಗಿನ ಗಡಿಯಾರ ತಿರುಗಿಸಿದ್ದು ನಾನು, ಬೂಷ್ತಾ. ವರದೀಲಿ ಹೆಸರು ಹಾಕೇ ಬರೀರಿ."

ಮದಾಮ್ "ಸರಿ," ಎಂದು ಹೊರಟರು. ಮುಖದಲ್ಲಿ ಖುಷಿಯೇನೂ ಕಾಣಲಿಲ್ಲ. ಆದರೆ ಬೇಕಿದ್ದ ನೆಪ ಸಿಕ್ಕಿತ್ತು.

"ಯಾಕೆ ಹೇಳಿದ್ರಿ?" ಗಿಜ್ಲಾನ್ ಸಿಟ್ಟಿನಿಂದ ಫೋನಿಗೆ ಬಾಗಿದಳು. "ನಾನು ಹೇಗೋ ಮುಚ್ಚಿ ಹಾಕ್ತಿದ್ದೆ. ಈಗ ನಿಮ್ಮ ಕೋಣೆ ಮುಚ್ಚಿಸ್ತಾರೆ, ಗೊತ್ತಾಗಲ್ವಾ ನಿಮಗೆ!"

"ಗೊತ್ತಾಗದೆ ಏನು? ನೀನು ಮುಚ್ಚಿಟ್ರೆ ಬರೋ ರಂಜಾನಿಗೆ ಇನ್ಯಾವನೋ ಬಂದು ತಿರುಗಿಸ್ತಾನೆ ಕಣಮ್ಮ. ಅವತ್ತು ಮೂರನೇ ಸಲ ಹಾಕೋಕೆ ಹೊತ್ತು ಇಲ್ದಿದ್ರೆ?" ಅವರು ಒಮ್ಮೆ ಕೆಮ್ಮಿದರು. "ನೀನು ಹೋಗು, ಮುಖ ತೊಳ್ಕೋ. ಇಫ್ತಾರಿಗೆ ಮನೇಲಿ ಕಾಯ್ತಿರ್ತಾರೆ."

ಹಬ್ಬ ಕಳೆದು ಎರಡು ವಾರಕ್ಕೆ ಫೆಸ್‌ನ ಕಂಪ್ಯೂಟರ್ ಕಂಬಳಿ ಸುತ್ತಿಕೊಂಡು ವ್ಯಾನಿನಲ್ಲಿ ಬಂತು. ಇಬ್ಬರು ಹೊತ್ತು ತಂದು ಗಿಜ್ಲಾನ್‌ಳ ಕೋಣೆಯ ಮೂಲೆಯಲ್ಲಿ ನಿಲ್ಲಿಸಿ ಸಹಿ ತೆಗೆದುಕೊಂಡು ಹೋದರು. ಸಿ ಬೂಷ್ತಾ ಬಂದಿರಲಿಲ್ಲ. ಕಂಬಳಿ ಬಿಚ್ಚಿದಾಗ ಮುಂಭಾಗದಲ್ಲಿ ಅಂಟಿಸಿದ ಕಾಗದದ ಪಟ್ಟಿ ಕಂಡಿತು. ಅವರ ದುಂಡನೆಯ ಅಕ್ಷರ: 'ರಂಜಾನಿನಲ್ಲಿ ಇದರ ಗಡಿಯಾರ ಮುಟ್ಟಬೇಡಿ. ನಾನು ಮುಟ್ಟಿದ್ದೆ.' ಕೆಳಗೆ ಪೂರ್ತಿ ಹೆಸರು, ತಾರೀಖು.

ದಾರಿಯ ಕುಲುಕಾಟಕ್ಕೆ ಪಟ್ಟಿಯ ಒಂದು ತುದಿ ಎದ್ದಿತ್ತು. ಗಿಜ್ಲಾನ್ ಹೆಬ್ಬೆರಳಿಂದ ಅದನ್ನು ಒತ್ತಿ ಹಿಡಿದು, ಅಂಟುವವರೆಗೂ ಹಾಗೇ ನಿಂತಳು.